ಅವನ ಬೆದರಿಕೆಗೆ ಬಲ ಕೊಟ್ಟವರು ಯಾರು?

ಪ್ರೀತಿಸುವ ಹುಡುಗನಿಗೆ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೊಡುವುದು ನಮ್ಮ ಕಾಸರಗೋಡಿನ ಮಕ್ಕಳಲ್ಲೂ ನಂಬಿಕೆಯ ಗುರುತಾಗಿಬಿಟ್ಟಿದೆ. ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಓದಲು ಹೋಗುವ ಹುಡುಗಿ ಲೈವ್ ಲೊಕೇಶನ್ ಹಾಕಿಯೇ ಹೋಗಬೇಕು. ನೇತ್ರಾವತಿ ಸೇತುವೆಯ ಹತ್ತಿರ ಸಿಗ್ನಲ್‌ಗೆ ರೈಲು ನಿಂತರೂ ಸಾಕು, "ಯಾರೊಟ್ಟಿಗೆ ಇದ್ದೀ?" ಎಂದು ಮೆಸೇಜು. ಕೇಳಿದರೆ, "ಅವ ಸ್ವಲ್ಪ ಪೊಸೆಸಿವ್ ಟೀಚರ್, ಪ್ರೀತಿ ಇರುವ ಕಾರಣ ಅಲ್ವಾ" ಎನ್ನುತ್ತಾರೆ. ಹೇಳುವಾಗ ಮುಖದಲ್ಲೊಂದು ಹೆಮ್ಮೆ. ನನಗೆ ಹೆದರಿಕೆಯಾಗುವುದು ಆ ಹೆಮ್ಮೆ ಕಂಡು.

ಈ ಕಾವಲಿನ ಬೇರು ಹೆಚ್ಚಾಗಿ ಭಯದಲ್ಲಿದೆ, ಬಿಟ್ಟುಹೋಗುತ್ತಾಳೆಂಬ ಭಯದಲ್ಲಿ. ಮಗುವಿಗೂ ತಾಯಿಗೂ ಇರುವ ನಂಟಿನ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು 1987ರಲ್ಲಿ ಸಿಂಡಿ ಹಜಾನ್, ಫಿಲಿಪ್ ಶೇವರ್ ಎಂಬವರು ದೊಡ್ಡವರ ಪ್ರೇಮಕ್ಕೆ ಹೊಂದಿಸಿ ನೋಡಿದರು. ಕೆಲವರಿಗೆ ಎಷ್ಟು ಪ್ರೀತಿ ಸಿಕ್ಕರೂ ನೆಚ್ಚಿಕೆ ಬರುವುದಿಲ್ಲ, ಗಳಿಗೆಗೊಮ್ಮೆ ಖಾತ್ರಿ ಬೇಕು. ಮೊದಲಾದರೆ ಅಂಥವನು ನಿದ್ದೆಗೆಟ್ಟು ಹೊರಳಾಡುತ್ತಿದ್ದ. ಈಗ ಲಾಸ್ಟ್ ಸೀನ್ ನೋಡುತ್ತಾನೆ, ಯಾರು ಲೈಕ್ ಕೊಟ್ಟರೆಂದು ನೋಡುತ್ತಾನೆ. ನೋಡಿದ ಕ್ಷಣ ಸಮಾಧಾನ, ಮರುಕ್ಷಣ ಹೊಸ ಅನುಮಾನ. ಕೆನಡಾದ ಏಮಿ ಮ್ಯೂಸ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಫೇಸ್‌ಬುಕ್ ಬಳಕೆಯ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಸುಳಿಯನ್ನೇ ತೋರಿಸಿತು: ಇಣುಕಿದಷ್ಟೂ ಮತ್ಸರ, ಮತ್ಸರ ಹೆಚ್ಚಿದಷ್ಟೂ ಇಣುಕಾಟ.

ಹಾಗೆಂದು ಭಯ ಇರುವವರೆಲ್ಲ ಬೆದರಿಸುವುದಿಲ್ಲ. ಭಯದ ಜೊತೆ "ಅವಳು ನನ್ನವಳು, ಕೇಳುವ ಹಕ್ಕು ನನಗಿದೆ" ಎಂಬುದು ಸೇರಿದಾಗಲೇ ಮಾತು ಬೈಗುಳವಾಗುವುದು. ಎದುರು ಮುಖ ಕಾಣದಿರುವುದೂ ಸೇರುತ್ತದೆ. ಎದುರು ಕೂತು ಆಡಲಾರದ್ದನ್ನು ನಡುರಾತ್ರಿ ಟೈಪ್ ಮಾಡುತ್ತಾರೆ. ಬೆಳಿಗ್ಗೆ ಅಳುತ್ತಾ ಕ್ಷಮೆ ಕೇಳುವ ವಾಯ್ಸ್ ಮೆಸೇಜು ಬರುತ್ತದೆ. ಯಾವಾಗ ಬೈಗುಳ, ಯಾವಾಗ ಮುದ್ದು ಎಂದು ತಿಳಿಯದಿರುವುದೇ ಅವಳನ್ನು ಕಟ್ಟಿಹಾಕುತ್ತದೆ. ಹುಡುಗಿಯರೂ ಹುಡುಗರ ಫೋನ್ ತಡಕುತ್ತಾರೆ, ಅದೂ ತಪ್ಪೇ. ಆದರೆ ಫೋಟೋ ಹೊರಬಿದ್ದರೆ ಇಬ್ಬರೂ ತೆರುವ ಬೆಲೆ ಒಂದೇ ಅಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲೇ ಇದೆ. ಬ್ರೇಕಪ್ ಅಂದ ಕೂಡಲೇ "ಫೋಟೋ ನಿನ್ನ ಅಪ್ಪನಿಗೆ ಕಳಿಸುತ್ತೇನೆ" ಎನ್ನುತ್ತಾನಲ್ಲ, ಆ ಮಾತಿಗೆ ಬಲ ಎಲ್ಲಿಂದ ಬಂತು? ನಮ್ಮ ಮನೆಗಳಿಂದ. ಅಪ್ಪ ಫೋನ್ ಕಸಿಯುತ್ತಾರೆ, ಕಾಲೇಜು ಬಿಡಿಸುತ್ತಾರೆ, ಸಿಕ್ಕಿದವನಿಗೆ ಮದುವೆ ಮಾಡಿಸುತ್ತಾರೆ ಎಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಹುಡುಗ ಬೇರೆ ಜಾತಿಯವನೋ ಬೇರೆ ಮತದವನೋ ಆದರೆ ಕೇಳುವುದೇ ಬೇಡ. ಊರಿಗೆ ಊರೇ ಎದ್ದು ನಿಲ್ಲುತ್ತದೆ, ಜಗಳ ಮತದ್ದಾಗುತ್ತದೆ, ಹುಡುಗಿಯ ಫೋಟೋ ಇನ್ನಷ್ಟು ಗ್ರೂಪುಗಳಿಗೆ ಹೋಗುತ್ತದೆ.

ಕಾನೂನು ಅವಳ ಕಡೆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಹೆಣ್ಣೊಬ್ಬಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಬೆನ್ನಟ್ಟುವ ಅಪರಾಧ, ಮೊದಲ ಸಲಕ್ಕೆ 3 ವರ್ಷದ ತನಕ ಜೈಲು. 77ನೇ ಸೆಕ್ಷನ್ನಿನಲ್ಲಿ, ಖಾಸಗಿ ಚಿತ್ರ ತೆಗೆಯಲು ಅವಳು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿ. ಮೆಸೇಜು ಅಳಿಸುವ ಮೊದಲು, ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಲಿ. ಕೇರಳದ ಮಹಿಳಾ ಸಹಾಯವಾಣಿ 181. ಸ್ಟೇಷನ್ನಿಗೆ ಹೋದರೆ ಮಲಯಾಳದಲ್ಲಿ ಇದನ್ನೆಲ್ಲ ಹೇಗೆ ಹೇಳುವುದೆಂದು ನಮ್ಮ ಹುಡುಗಿಯರು ಹಿಂಜರಿಯುತ್ತಾರೆ. ಇಲ್ಲಿನ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲೇ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಕನ್ನಡದಲ್ಲೇ ಬರೆದುಕೊಡಿ, ಜೊತೆಗೆ ದೊಡ್ಡವರೊಬ್ಬರು ಹೋಗಿ.

ಮಗಳು ಬಾಯಿಬಿಟ್ಟ ದಿನ "ಫೋಟೋ ಯಾಕೆ ಕಳಿಸಿದ್ದು?" ಎಂದು ಶುರುಮಾಡಬೇಡಿ ದಯವಿಟ್ಟು. "ನಾವಿದ್ದೇವೆ, ಅವ ಯಾರಿಗೆ ಬೇಕಾದರೂ ಕಳಿಸಲಿ" ಎಂದು ಅಪ್ಪ ಒಂದು ಮಾತು ಹೇಳಿದರೆ ಆ ಬೆದರಿಕೆಯ ಅರ್ಧ ಬಲ ಅಲ್ಲೇ ಹೋಗುತ್ತದೆ.

ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಮಂಜೇಶ್ವರದ ಕಡೆಯ ಅಧ್ಯಾಪಕ ಮಿತ್ರರಲ್ಲಿ ಒಂದು ಕೇಳಿಕೆ. ಸೈಬರ್ ಜಾಗೃತಿ ತರಗತಿ ಎಂದರೆ ಹುಡುಗಿಯರನ್ನು ಕೂರಿಸಿ, "ಜಾಗ್ರತೆ" ಎಂದು ಹೇಳಿ ಕಳಿಸುವುದೇ ಹೆಚ್ಚು. ಈ ವರ್ಷ ಹುಡುಗರನ್ನೂ ಕೂರಿಸಿ. ಬಿಟ್ಟುಹೋಗುವವಳನ್ನು ಹೋಗಲು ಬಿಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.