ಚಟ್ನಿ ಹಾಕಿದರೆ ಊಟ

ಎರಡನೇ ಡಬ್ಬಿ ಸಾಸಿಗೆ ಬೇರೆ ದುಡ್ಡು ಕೊಡಬೇಕಂತೆ. ಡಬ್ಬಿಯಾದರೂ ಎಷ್ಟು ದೊಡ್ಡದು, ಕುಂಕುಮದ ಭರಣಿಗಿಂತ ತುಸು ಅಗಲ. ದರ್ಶಿನಿಗಳಲ್ಲಿ ನಿಂತು "ಇನ್ನೊಂಚೂರು ಚಟ್ನಿ" ಅಂತ ತಟ್ಟೆ ಚಾಚಿ ಚಾಚಿ ಪಳಗಿದ ಕೈ ನನ್ನದು. ಕಾರಿನಲ್ಲಿ ಕೂತೇ ಕಿಟಕಿಯಲ್ಲಿ ತಿಂಡಿ ಕೊಳ್ಳುವ ಆ ಅಂಗಡಿಯ ಹೆಸರು ಬೇಡ. ಕಿಟಕಿಯಲ್ಲಿದ್ದ ಹುಡುಗಿಗೆ ನಾನೇನೂ ಅನ್ನಲಿಲ್ಲ. ಅನ್ನಬೇಕಾದ್ದನ್ನೆಲ್ಲ ಕಾರಿನೊಳಗೆ, ಕನ್ನಡದಲ್ಲಿ ಅಂದೆ.

ಊರು ಅಮೆರಿಕದ ಲೂಯಿಸಿಯಾನಾದ ಬ್ಯಾಟನ್ ರೂಜ್, ಮಗಳಿರುವ ಜಾಗ. ಅವತ್ತು ಶನಿವಾರ, ಅಂದರೆ ಅಮೆರಿಕನ್ ಫುಟ್‌ಬಾಲ್. ಇಲ್ಲಿನ ವಿಶ್ವವಿದ್ಯಾಲಯದ ಟೈಗರ್ ಸ್ಟೇಡಿಯಂನಲ್ಲಿ 1,02,000 ಚಿಲ್ಲರೆ ಜನ ಕೂರಬಹುದು, ಕಾಲೇಜು ಹುಡುಗರ ಆಟ ನೋಡಲಿಕ್ಕೆ! ನಮ್ಮ ಕಾಲೇಜಿನ ಕಬಡ್ಡಿ ಫೈನಲ್‌ಗೆ ಬಂದವರನ್ನು ಒಮ್ಮೆ ನಾನೇ ಎಣಿಸಿದ್ದೆ: ಮೂವತ್ತನಾಲ್ಕು ಮಂದಿ, ಒಂದು ಎಮ್ಮೆ. ಕಾರು ಅರ್ಧ ಗಂಟೆಯಿಂದ ನಿಂತಲ್ಲೇ ನಿಂತಿತ್ತು. ಹೊತ್ತು ಹೋಗಲೆಂದು ಅಳಿಯಂದಿರು ಒಂದು ಕತೆ ತೆಗೆದರು. ನಿವೃತ್ತ ಕಾಮರ್ಸ್ ಮೇಷ್ಟರ ಮುಂದೆ ತೆಗೆಯಬಾರದ ಕತೆ.

ಟಾಡ್ ಗ್ರೇವ್ಸ್ ಎಂಬ ಹುಡುಗನಿಗೆ ಬರೀ ಚಿಕನ್ ಫಿಂಗರ್, ಅಂದರೆ ಬೆರಳುದ್ದದ ಕರಿದ ಕೋಳಿ ತುಂಡು, ಮಾರುವ ಹೋಟೆಲಿನ ಆಸೆ. ಗೆಳೆಯನ ಜೊತೆ ಕೂತು ಯೋಜನೆ ಬರೆದ. ಗೆಳೆಯ ಅದನ್ನು ಇದೇ ವಿಶ್ವವಿದ್ಯಾಲಯದಲ್ಲಿ ತನ್ನ ತರಗತಿಗೆ ಒಪ್ಪಿಸಿದರೆ, ಇಡೀ ತರಗತಿಗೇ ಕಡಿಮೆ ಅಂಕ ಅದಕ್ಕೇ ಬಂತು. ಬ್ಯಾಂಕುಗಳೂ ಸಾಲ ಕೊಡಲಿಲ್ಲ. ಗ್ರೇವ್ಸ್ ತೈಲ ಸಂಸ್ಕರಣಾ ಘಟಕದಲ್ಲಿ ದುಡಿದು, ಅಲಾಸ್ಕಾದಲ್ಲಿ ಸಾಲ್ಮನ್ ಮೀನು ಹಿಡಿದು ಕಾಸು ಕೂಡಿಸಿ, 1996ರಲ್ಲಿ ಕ್ಯಾಂಪಸ್ಸಿನ ಹತ್ತಿರವೇ ಅಂಗಡಿ ಇಟ್ಟ. ಅದಕ್ಕೆ ತನ್ನ ನಾಯಿಯ ಹೆಸರು: ರೈಸಿಂಗ್ ಕೇನ್ಸ್. ಈಗ ಎಂಟುನೂರಕ್ಕೂ ಹೆಚ್ಚು ಅಂಗಡಿಗಳು.

"ಆ ಮೇಷ್ಟ್ರು ಈಗ ಏನಂತಾರೋ, ಮಾವ" ಅಂತ ಅಳಿಯಂದಿರು ನಕ್ಕರು.

ನನಗೆ ಉರಿಯಿತು. ಆ ಮೇಷ್ಟರು ಅಂಕ ಕೊಟ್ಟದ್ದು ಕಾಗದಕ್ಕೆ. ಸಾಲ್ಮನ್ ಹಿಡಿದಾದರೂ ಅಂಗಡಿ ಇಡುತ್ತೇನೆಂಬ ಹಟ ಕಾಗದದಲ್ಲಿ ಎಲ್ಲಿತ್ತು? ಒಂದೇ ತಿಂಡಿಯ ಹೋಟೆಲು ಈ ಊರಲ್ಲಿ ನಡೆಯುವುದಿಲ್ಲ ಅಂದರಂತೆ. ಗಂಬೋ, ಜಂಬಲಾಯ, ಸಿಗಡಿ ಅಂತ ನಾಲಿಗೆ ಚಪ್ಪರಿಸುವ ಊರಲ್ಲಿ ನಾನಾದರೂ ಹಾಗೇ ಅನ್ನುತ್ತಿದ್ದೆ.

ಅನ್ನುತ್ತಿದ್ದೆ ಏನು, ಅಂದೇಬಿಟ್ಟಿದ್ದೇನೆ. ಫೈನಲ್ ಬಿ.ಕಾಂ. ಹುಡುಗನೊಬ್ಬ ಪ್ರಾಜೆಕ್ಟ್ ವರದಿ ಬರೆದಿದ್ದ: ತಟ್ಟೆ ಇಡ್ಲಿ ಬಿಟ್ಟು ಬೇರೇನೂ ಇಲ್ಲದ ಹೋಟೆಲು. ಕಾಫಿ ಕೂಡ ಇಲ್ಲ. ಬಾಡಿಗೆ, ಅಕ್ಕಿ, ಉದ್ದು, ಸೌದೆ ಎಲ್ಲಕ್ಕೂ ಲೆಕ್ಕವಿತ್ತು. ಗ್ರೈಂಡರಿನ ಸವಕಳಿ ಮಾತ್ರ ಹಿಡಿದಿರಲಿಲ್ಲ. "ಗಿರಾಕಿ ದಿನಾ ಇಡ್ಲಿಯನ್ನೇ ತಿನ್ನುತ್ತಾನೆಂಬುದಕ್ಕೆ ಆಧಾರ?" ಅಂತ ಕೆಂಪು ಶಾಯಿಯಲ್ಲಿ ಗೀಚಿ, 25ಕ್ಕೆ 11 ಕೊಟ್ಟೆ. ಇಂಥ ಕತೆಗಳಲ್ಲಿ ಆ ಹುಡುಗ ಮುಂದೆ ಕೋಟ್ಯಧೀಶನಾಗಿ ಕಾರಿನಲ್ಲಿ ಬಂದು ಮೇಷ್ಟರ ಕಾಲಿಗೆ ಬೀಳಬೇಕು. ಇವನು ಬಂದದ್ದು ಸ್ಕೂಟರಿನಲ್ಲಿ, ಎಲ್‌ಐಸಿ ಪಾಲಿಸಿ ಮಾಡಿಸಲಿಕ್ಕೆ. ಮಾಡಿಸಿದೆ, ಬೋನಸ್ಸೂ ಬಂತು. ಬಸ್ ಸ್ಟ್ಯಾಂಡಿನ ಎದುರು ಬರೀ ತಟ್ಟೆ ಇಡ್ಲಿ ಮಾರುವ ಹೋಟೆಲು ಬೇರೆ ಯಾರದೋ; ಆತ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬೆಳಿಗ್ಗೆ ಎಂಟಕ್ಕೆ ಹೋದರೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ನಾನು ಹೋಗಿ ನಿಂತವನೇ. ಇದರಿಂದ ಯಾರ ವಾದ ಗೆದ್ದಂತಾಯಿತು ಅಂತ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮೇಷ್ಟರನ್ನು ಆಡಿಕೊಳ್ಳುವವರು ಸ್ಟೇಡಿಯಂ ಕಡೆಗೂ ಒಮ್ಮೆ ನೋಡಲಿ. ಪಕ್ಕದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ 2023ರಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ಮನೆಗೆ ಕಳಿಸಿತು. ಕೆಲಸದಿಂದ ತೆಗೆದ ತಪ್ಪಿಗೆ ಕರಾರಿನಂತೆ ಅವರಿಗೆ ಕೊಡಬೇಕಾದ ಬಾಕಿ 7.5 ಕೋಟಿ ಡಾಲರಿಗೂ ಹೆಚ್ಚು. ಪಾಠ ಮಾಡಿ ಮನೆಗೆ ಹೋದ ನನಗೆ ಒಂದು ಪೇಟ, ಒಂದು ಗಂಧದ ಹಾರ, ಹಣ್ಣಿನ ಬುಟ್ಟಿ. ಬುಟ್ಟಿಯನ್ನು ಮರುದಿನ ಜವಾನ ಬಂದು ವಾಪಸು ಒಯ್ದ.

ಮೈದಾನದಲ್ಲಿ ಮೂಳೆ ಮುರಿದುಕೊಳ್ಳುವ ಹುಡುಗರಿಗೆ? ಬಹುಕಾಲ ಬರೀ ವಿದ್ಯಾರ್ಥಿವೇತನ, ವಸತಿ, ಊಟ. ಅದಕ್ಕಿಂತ ಹೆಚ್ಚು ಕೊಟ್ಟರೆ ಹವ್ಯಾಸಿ ಅನ್ನುವ ಹೆಸರು ಕೆಟ್ಟೀತೆಂದು ಕಾಲೇಜು ಕ್ರೀಡೆಯ ಯಜಮಾನ ಸಂಸ್ಥೆ ಎನ್‌ಸಿಎಎಗೆ ಭಯವಿತ್ತು. ಒಂದು ಕಾಲಕ್ಕೆ ಅವರ ನಿಯಮ ಹೀಗಿತ್ತು: ಹೊತ್ತಲ್ಲದ ಹೊತ್ತಲ್ಲಿ ಆಟಗಾರನಿಗೆ ಬೇಗಲ್ ಕೊಡಬಹುದು. ಬೇಗಲ್ ಅಂದರೆ ನಡುವೆ ತೂತಿರುವ ಗಟ್ಟಿ ಬನ್ನು, ನಮ್ಮ ವಡೆಯ ಬಿಳಿಚಿಕೊಂಡ ದಾಯಾದಿ. ಮೇಲೆ ಕ್ರೀಮ್ ಚೀಸ್ ಸವರಿದಿರೋ, ಅದು ತಿಂಡಿಯಲ್ಲ, ಊಟ, ನಿಯಮಭಂಗ. ಇಡ್ಲಿ ಸರಿ, ಚಟ್ನಿ ಅಪರಾಧ! ಇದನ್ನು ಬರೆದವರು ಸಭೆ ಸೇರಿ, ಚರ್ಚಿಸಿ, ಬಹುಶಃ ಕ್ರೀಮ್ ಚೀಸ್ ಸವರಿದ ಬೇಗಲ್ ತಿನ್ನುತ್ತಲೇ ಬರೆದಿರಬೇಕು. 2014ರಲ್ಲಿ ಕನೆಕ್ಟಿಕಟ್ ತಂಡಕ್ಕೆ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದುಕೊಟ್ಟ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಅಂದುಬಿಟ್ಟ. ಅದೇ ವರ್ಷ ಊಟದ ಮೇಲಿನ ಮಿತಿ ಹೋಯಿತು. ಆಟಗಾರರಿಗೆ ತಮ್ಮ ಹೆಸರು, ಮುಖ ಜಾಹೀರಾತಿಗೆ ಮಾರಿಕೊಂಡು ಸಂಪಾದಿಸಲು ಅನುಮತಿ ಸಿಕ್ಕಿದ್ದು 2021ರಲ್ಲಿ. ಈಗ 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಹಂಚಬಹುದು, ಮೊದಲ ವರ್ಷಕ್ಕೆ ಒಂದೊಂದು ಕಾಲೇಜು 2.05 ಕೋಟಿ ಡಾಲರ್ ತನಕ.

"ಅಲ್ಲಿಗೆ ಚಟ್ನಿ ಸಿಕ್ಕಿತಲ್ಲ, ಮಾವ" ಅಂದರು ಅಳಿಯಂದಿರು.

ಮುಂದಿನ ಕಾರು ಒಂದು ಮಾರು ಸರಿಯಿತು, ನಾವೂ ಸರಿದೆವು. ನನ್ನ ಡಬ್ಬಿಯ ತಳವನ್ನು ಆಲೂಗಡ್ಡೆ ಚೂರಿನಿಂದ ಬಳಿಯುತ್ತಿದ್ದುದನ್ನು ನೋಡಿ, ಅವರು ತಮ್ಮದನ್ನು ಮಾತಿಲ್ಲದೆ ನನ್ನ ಕಡೆ ಸರಿಸಿದರು. ಬೇಡ ಅನ್ನಬೇಕಿತ್ತು. ಅದ್ದಿಕೊಳ್ಳುತ್ತಾ ಯೋಚಿಸಿದೆ, ಆ ಹುಡುಗನಿಗೆ 14 ಕೊಡಬಹುದಿತ್ತೇನೋ.

ಬೇಡ, 13. ಗ್ರೈಂಡರಿನ ಸವಕಳಿ ಹಿಡಿದಿರಲಿಲ್ಲವಲ್ಲ.