ಮುಂಬೈನ ದಾದರ್ ಸ್ಟೇಷನ್ ಪ್ಲಾಟ್‌ಫಾರ್ಮ್ ನಂಬರ್: ಓಡಾಡುತ್ತಿರುವ ಪಟ್ಟಿ ಹಳೆಯದು

"ದಾದರ್‌ನಲ್ಲಿ ಎರಡು 1ನೇ ಪ್ಲಾಟ್‌ಫಾರ್ಮ್ ಇವೆ, ಹುಷಾರು" ಎಂಬ ಮೆಸೇಜ್ ಒಂದು ಪಟ್ಟಿಯ ಜೊತೆ ಮತ್ತೆ ಓಡಾಡುತ್ತಿದೆ. ಮೊನ್ನೆ ನಾನೂ ಅದನ್ನು ಮನೆಯವರ ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಮೊದಲು ಹಾಗೇ ಇತ್ತು, ನಿಜ. ದಾದರ್‌ನಲ್ಲಿ ಎರಡು ಬೇರೆ ಕಂಪನಿಗಳ ಹಳಿಗಳು ಅಕ್ಕಪಕ್ಕ ಬಂದವು. ಆ ಕಂಪನಿಗಳೇ 1951ರಲ್ಲಿ ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಆದವು. ಎರಡೂ ಕಡೆ ನಂಬರ್ 1ರಿಂದಲೇ ಶುರು. "1ನೇ ಪ್ಲಾಟ್‌ಫಾರ್ಮ್ ಹತ್ರ ನಿಂತಿದೀನಿ" ಎಂದರೆ ಯಾವ ಕಡೆ ಅಂತ ಮತ್ತೆ ಕೇಳಬೇಕಿತ್ತು, ಅಲ್ವಾ?

2023ರ ಡಿಸೆಂಬರ್ 9ರಿಂದ ಅದು ಬದಲಾಗಿದೆ. ರೈಲ್ವೆಯೇ ಇದನ್ನು ಪ್ರಕಟಿಸಿತ್ತು. ಪಶ್ಚಿಮ ಲೈನಿನ 1ರಿಂದ 7 ಹಾಗೇ ಉಳಿದಿವೆ. ಮಧ್ಯ ಲೈನಿನ ಹಳೆ 1 ಈಗ 8. ಹಳೆ 2 ಈಗಿಲ್ಲ. ಪಕ್ಕದ 1ನ್ನು ಅಗಲ ಮಾಡಲು ಅದನ್ನು ತೆಗೆದರು. ಹಳೆ 3 ಈಗ 9, ಹಾಗೇ ಮುಂದುವರಿದು ಹಳೆ 8 ಈಗ 14.

ಶರಾವತಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರು ಕಡೆಯಿಂದ ಬರುವವರಿಗೆ, ಆ ಕಡೆ ಹೋಗುವವರಿಗೆ ಇದು ಮುಖ್ಯ. ಆ ಗಾಡಿ ಮಧ್ಯ ಲೈನಿನದು. ಹಳೆ ಪಟ್ಟಿ ಹಿಡಿದರೆ ಲಗೇಜ್ ಹೊತ್ತು ಸುಮ್ನೆ ಪಶ್ಚಿಮದ ಕಡೆ ಹೋಗಿ ನಿಲ್ಲುತ್ತೀರಿ. ಜೊತೆಗೆ ವಯಸ್ಸಾದವರಿದ್ದರೆ ಮತ್ತೆ ಮೇಲ್ಸೇತುವೆ ಹತ್ತಿಸೋದು ತುಂಬಾ ಕಷ್ಟ.

ದಯವಿಟ್ಟು ಹಳೆ ಪಟ್ಟಿಯನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಅಂತ ಆ ದಿನ ಸ್ಟೇಷನ್ ಬೋರ್ಡಿನಲ್ಲೇ ನೋಡಿ.