ಬ್ಯಾನರ್ ಬಿಟ್ಟು ಕ್ಯಾಮೆರಾ ತಿರುಗಿಸಿ

ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷವಾಯಿತು. ಊರಿಗೆ ಹೋದಾಗಲೆಲ್ಲ ಸಿನಿಮಾ ಹುಚ್ಚಿನ ಗೆಳೆಯರ ಜೊತೆ ನನ್ನದು ಒಂದೇ ಜಗಳ. ಯಾರಾದರೂ ಜಾಹೀರಾತು ಮಾಡುತ್ತಾರೆ ಅಂದರೆ ಸಾಕು, "ಓ, ಬರೀ ಆ್ಯಡ್ ಮಾಡೋನು" ಅಂತ ಮೂಗು ಮುರಿಯುತ್ತಾರೆ. ಅವರಿಗೆ ನಾನು ಅಮೆರಿಕದ ಸಾಕ್ಷ್ಯಚಿತ್ರಕಾರರಾದ ಮೇಸಲ್ಸ್ ಅಣ್ಣತಮ್ಮಂದಿರ ಕಥೆ ಹೇಳುತ್ತೇನೆ.

ಅಣ್ಣ ಆಲ್ಬರ್ಟ್ ಬಾಸ್ಟನ್ನಿನಲ್ಲಿ ಮನಃಶಾಸ್ತ್ರದ ಮೇಷ್ಟರಾಗಿದ್ದವರು. ಆಮೇಲೆ ಹೆಗಲಿಗೆ ಕ್ಯಾಮೆರಾ ಏರಿಸಿದರು. ತಮ್ಮ ಡೇವಿಡ್ ಧ್ವನಿ ನೋಡಿಕೊಂಡರು. ಜಾಹೀರಾತು, ಕಂಪನಿಗಳ ಚಿತ್ರ ಅಂತ ದುಡಿದರು. ಆ ದುಡ್ಡನ್ನು ತಮ್ಮ ಸಾಕ್ಷ್ಯಚಿತ್ರಗಳಿಗೆ ಸುರಿದರು.

1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹಾಡುಗಾರರ ತಂಡ ಬೀಟಲ್ಸ್ ನ್ಯೂಯಾರ್ಕಿಗೆ ಬಂದಿಳಿದಾಗ ಇವರಿಬ್ಬರೂ ಬೆನ್ನು ಹತ್ತಿದರು. ಆದರೆ ಬೀಟಲ್ಸ್ ಹಾಡಲಿದ್ದ ಟೀವಿ ಕಾರ್ಯಕ್ರಮ ಎಡ್ ಸಲ್ಲಿವನ್ ಶೋ ನಡೆಯುವ ಸ್ಟುಡಿಯೋದೊಳಗೆ ಚಿತ್ರೀಕರಣಕ್ಕೆ ಬಿಡಲಿಲ್ಲ. ನಾನಾಗಿದ್ದರೆ ಬಾಗಿಲಲ್ಲೇ ವಾದ ಮಾಡುತ್ತಾ ನಿಂತಿರುತ್ತಿದ್ದೆ. ಇವರು ಒಂದು ಅಪಾರ್ಟ್‌ಮೆಂಟಿಗೆ ಹೋದರು. ಅಲ್ಲಿ ಒಂದು ಕುಟುಂಬದ ಮಕ್ಕಳು ಅದೇ ಶೋವನ್ನು ಟೀವಿಯಲ್ಲಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕ್ಯಾಮೆರಾ ಆ ಮುಖಗಳನ್ನು ಹಿಡಿಯಿತು. ಹಾಡು ಟೀವಿಯಲ್ಲಿ, ಚಿತ್ರ ಸೋಫಾದ ಮೇಲೆ!

ಐದು ವರ್ಷದ ಮೇಲೆ ಇನ್ನೊಂದು ಇಂಗ್ಲಿಷ್ ತಂಡ ರೋಲಿಂಗ್ ಸ್ಟೋನ್ಸ್ ಸರದಿ. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಅವರು ಹಾಡುತ್ತಿದ್ದಾಗಲೇ, ವೇದಿಕೆ ಮುಂದೆ 18ರ ಹುಡುಗನೊಬ್ಬ ಚೂರಿ ಇರಿತಕ್ಕೆ ಬಲಿಯಾದ. ಮೇಸಲ್ಸರ 'ಗಿಮ್ಮಿ ಶೆಲ್ಟರ್' ಚಿತ್ರದಲ್ಲಿ ಆ ತಂಡದ ಗಾಯಕ ಮಿಕ್ ಜಾಗರ್ ಎಡಿಟಿಂಗ್ ಟೇಬಲ್ಲಿನ ಪುಟ್ಟ ಪರದೆಯಲ್ಲಿ ಅದನ್ನು ಮತ್ತೆ ನೋಡುತ್ತಾನೆ. ಇಲ್ಲೂ ಕಣ್ಣಿಗೆ ಕಟ್ಟೋದು ನೋಡುವವನ ಮುಖವೇ. ಮೇಸಲ್ಸ್ ಜೊತೆ ನಿರ್ದೇಶನದಲ್ಲಿ ಷಾರ್ಲಟ್ ಜ್ವೆರಿನ್ ಹೆಸರೂ ಇದೆ. ಅದನ್ನು ಮರೆಯೋರೇ ಜಾಸ್ತಿ.

ಈಗ ನಮ್ಮ ಕಡೆ ನೋಡಿ. ಜಾಹೀರಾತು ಅಂದರೆ ಕೀಳು ಅನ್ನುವ ನಾವೇ ಸಂಗೀತ ಕಛೇರಿಯಲ್ಲಿ ಗಾಯಕರ ತಲೆ ಹಿಂದೆ ಪ್ರಾಯೋಜಕರ ಹೆಸರನ್ನು ಗಾಯಕರ ಹೆಸರಿಗಿಂತ ದಪ್ಪಕ್ಷರದಲ್ಲಿ ತೂಗು ಹಾಕುತ್ತೇವೆ. ಮೇಸಲ್ಸ್ ಜಾಹೀರಾತನ್ನು ಜಾಹೀರಾತಾಗೇ ಮಾಡಿ, ದುಡ್ಡು ಎಣಿಸಿಕೊಂಡು ಹೊರಬಂದರು. ನಾವು ಅದನ್ನು ಹಾಡಿನೊಳಗೇ ತಂದು ಕೂರಿಸಿದ್ದೇವೆ. ಯಾವುದು ಮರ್ಯಾದೆ, ಹೇಳಿ?

ಸಮುದ್ರ ದಾಟಿದರೂ ಈ ಚಾಳಿ ಬಿಟ್ಟಿಲ್ಲ. ಹೋದ ವರ್ಷ ಇಲ್ಲಿನ ಒಂದು ರಾಜ್ಯೋತ್ಸವದಲ್ಲಿ ಸುಗಮ ಸಂಗೀತದ ವಿಡಿಯೋ ಮಾಡೋ ಕೆಲಸ ನನ್ನ ಪಾಲಿಗೆ ಬಂತು. "ಬ್ಯಾನರ್ ಪೂರ್ತಿ ಕಾಣಬೇಕು" ಅಂತ ಮೊದಲೇ ತಾಕೀತು. ಟ್ರೈಪಾಡ್ ಬಿಗಿದು ಸುಮ್ನೆ ನಿಂತೆ. ಮೂರನೇ ಸಾಲಲ್ಲಿ ಒಬ್ಬರು ಅಜ್ಜಿ, ಸ್ವೆಟರ್ ತೋಳು ಮೇಲೆ ಮಾಡಿಕೊಂಡು, ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಿದ್ದರು. ಬೆರಳು ಒಂದೊಂದು ಸಲ ತಪ್ಪುತ್ತಿತ್ತು, ತಲೆದೂಗೋದು ಮಾತ್ರ ತಪ್ಪಲಿಲ್ಲ. ಕ್ಯಾಮೆರಾ ತಿರುಗಿಸಿದ್ದರೆ ಸಿಗುತ್ತಿದ್ದರು. ವಿಡಿಯೋದಲ್ಲಿ ಎರಡು ಗಂಟೆ ಬ್ಯಾನರ್ ಇದೆ, ಒಂದು ಸುಕ್ಕೂ ಇಲ್ಲದೆ.